ಕರಾವಳಿಯ ಒದ್ದೆ ಗಾಳಿಯಲ್ಲಿ ಗುಂಗುರು ಕೂದಲು: ಜೆಲ್, ಕ್ರೀಮ್, ಎಣ್ಣೆಗಳ ಆಯ್ಕೆ ಮತ್ತು ಬಳಕೆ

ಮಂಜೇಶ್ವರದಿಂದ ನೀಲೇಶ್ವರದವರೆಗಿನ ಕರಾವಳಿಯಲ್ಲಿ ಗುಂಗುರು ಕೂದಲಿನವರನ್ನು ಹೆಚ್ಚಾಗಿ ಕಾಡುವುದು ಗಾಳಿಯ ತೇವ. ಬೆಳಿಗ್ಗೆ ತಲೆಸ್ನಾನ ಮುಗಿಸಿ, ಸುರುಳಿಗಳು ಅಂದವಾಗಿ ಕುಳಿತಿವೆಯೆಂದು ಸಮಾಧಾನಪಟ್ಟು ಮಂಗಳೂರಿನ ರೈಲು ಹತ್ತಿದವರ ಕೂದಲು ನೇತ್ರಾವತಿ ಸೇತುವೆ ದಾಟುವಷ್ಟರಲ್ಲಿ ಹುರಿಬಿಚ್ಚಿ ಉಬ್ಬಿಕೊಂಡಿರುತ್ತದೆ. ಗುಂಗುರು ಕೂದಲಿಗೆಂದು ಮಾರುವ ಬಹುಪಾಲು ಸಾಮಗ್ರಿಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಕಾಣುವ ಭರವಸೆ ತೇವಾಂಶ ಕೊಡುವುದಾಗಿ. ಒಣಹವೆಯ ಊರುಗಳಿಗೆ ಆ ಭರವಸೆ ತಕ್ಕದ್ದೇ. ವರ್ಷದ ಹೆಚ್ಚಿನ ಕಾಲ ಗಾಳಿಯೇ ಒದ್ದೆಯಾಗಿರುವ ಕಾಸರಗೋಡಿನಲ್ಲಿ ಮಾತ್ರ ಹೊರಗಿನ ತೇವವನ್ನು ತಡೆದು ಸುರುಳಿಗೆ ಹಿಡಿತ ಕೊಡುವ ಸಾಮಗ್ರಿಗೆ ಮೊದಲ ಸ್ಥಾನ ಸಲ್ಲಬೇಕು, ಮೃದುಗೊಳಿಸುವ ಸಾಮಗ್ರಿಗೆ ಎರಡನೆಯದು. ಈ ಲೇಖನದ ಸಲಹೆಗಳೆಲ್ಲ ಈ ಕ್ರಮವನ್ನೇ ಅನುಸರಿಸುತ್ತವೆ.

ಕಾರಣ ಕೂದಲಿನ ರಚನೆಯಲ್ಲಿದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಅದರ ಹುಟ್ಟು ಆಕಾರವನ್ನು ಗಂಧಕದ ಬಂಧಗಳು ಹಿಡಿದಿಡುತ್ತವೆ. ಅವು ನೀರಿಗೆ ಬಿಡುವುದಿಲ್ಲ. ಜಲಜನಕದ ಬಂಧಗಳು ಮಾತ್ರ ಕೂದಲು ನೆಂದೊಡನೆ ಸಡಿಲವಾಗಿ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಹಾಗಾಗಿ ಒಣಗುವ ಹೊತ್ತಿನಲ್ಲಿ ಕೂದಲು ಯಾವ ಆಕಾರದಲ್ಲಿರುತ್ತದೆಯೋ ಅದೇ ಆಕಾರ ಮುಂದಿನ ಸ್ನಾನದವರೆಗೆ ಉಳಿಯಬೇಕು. ಆದರೆ ಗಾಳಿಯಲ್ಲಿರುವ ನೀರಿನ ಆವಿಯೂ ಎಳೆಯೊಳಗೆ ಸೇರಿ ಆ ಬಂಧಗಳನ್ನು ಅಲ್ಲಲ್ಲಿ ಬಿಡಿಸುತ್ತದೆ, ಎಳೆ ಉಬ್ಬುತ್ತದೆ, ಗೊಂಚಲಿನಲ್ಲಿದ್ದ ಎಳೆಗಳು ಒಂದೊಂದು ದಿಕ್ಕಿಗೆ ಹೊರಳುತ್ತವೆ. ಜೆಲ್ ಅಥವಾ ನೊರೆಯಂತಿರುವ ಮೂಸ್ ಕೂದಲಿನ ಮೇಲೆ ತೆಳ್ಳನೆಯ ಪೊರೆಯೊಂದನ್ನು ಕಟ್ಟಿ ಇದನ್ನು ನಿಧಾನಗೊಳಿಸುತ್ತದೆ. ಇದರೊಂದಿಗೆ ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು: ನೆತ್ತಿಯಲ್ಲಿ ಸ್ರವಿಸುವ ಜಿಡ್ಡು ನೇರ ಕೂದಲಿನಲ್ಲಿ ತುದಿಯವರೆಗೂ ಸುಲಭವಾಗಿ ಇಳಿಯುತ್ತದೆ, ತಿರುವುಗಳುಳ್ಳ ಕೂದಲಿನಲ್ಲಿ ಇಳಿಯುವುದಿಲ್ಲ. ಬುಡ ಜಿಡ್ಡಾಗಿ ತುದಿ ಒರಟಾಗಿರುವುದು ಗುಂಗುರು ಕೂದಲಿನ ಸಹಜ ಸ್ಥಿತಿ. ಒಂದೇ ಸಾಮಗ್ರಿಯನ್ನು ಬುಡದಿಂದ ತುದಿಯವರೆಗೆ ಸಮನಾಗಿ ಬಳಿಯುವುದು ಈ ಕಾರಣಕ್ಕೆ ಸರಿಯಲ್ಲ.

ಮೊದಲು ಕೂದಲನ್ನು ಪರೀಕ್ಷಿಸುವುದು

ಅಮೆರಿಕದ ಕೇಶವಿನ್ಯಾಸಕಾರ ಆಂಡ್ರೆ ವಾಕರ್ ರೂಪಿಸಿದ ವರ್ಗೀಕರಣ ಈಗ ಎಲ್ಲೆಡೆ ಬಳಕೆಯಲ್ಲಿದೆ. ಅದರಲ್ಲಿ 1 ಎಂದರೆ ನೇರ ಕೂದಲು, 2 ಅಲೆಯಲೆಯಾದದ್ದು, 3 ಗುಂಗುರು, 4 ಸ್ಪ್ರಿಂಗಿನಂತೆ ಬಿಗಿಯಾಗಿ ಸುತ್ತಿಕೊಂಡದ್ದು. ಒಂದೊಂದರೊಳಗೂ ಎ, ಬಿ, ಸಿ ಎಂಬ ಒಳಭೇದಗಳನ್ನು ಮಾಡಲಾಗಿದೆ. ಒಂದೇ ತಲೆಯಲ್ಲಿ ಎರಡು ಮೂರು ಬಗೆಗಳಿರುವುದು ಸಾಮಾನ್ಯ: ಕುತ್ತಿಗೆಯ ಬಳಿ ಬಿಗಿಯಾದ ಸುರುಳಿ, ನೆತ್ತಿಯ ಮೇಲೆ ಬರಿಯ ಅಲೆ. ಸಾಮಗ್ರಿ ಕೊಳ್ಳುವಾಗ ಈ ಸಂಖ್ಯೆಗಿಂತ ಎಳೆಯ ದಪ್ಪ ಮತ್ತು ಅದು ನೀರನ್ನು ಹೀರುವ ವೇಗ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊರಳಿಸಿದಾಗ ಅಲ್ಲೇನೋ ಇದೆಯೆಂದೇ ತಿಳಿಯದಿದ್ದರೆ ಕೂದಲು ಸಪೂರ. ಸ್ಪಷ್ಟವಾಗಿ ಒರಟು ನೂಲಿನ ಅನುಭವವಾದರೆ ದಪ್ಪ. ಸಪೂರ ಕೂದಲಿಗೆ ಮೂಸ್ ಅಥವಾ ತೆಳು ಜೆಲ್ ಸಾಕು. ಬೆಣ್ಣೆಯಂಥ ದಪ್ಪ ಕ್ರೀಮ್ ಹಚ್ಚಿದರೆ ಸುರುಳಿ ಭಾರಕ್ಕೆ ಜೋತು ನೇರವಾಗುತ್ತದೆ. ದಪ್ಪ ಕೂದಲಿಗೆ ಕ್ರೀಮಿನ ಮೇಲೆ ಗಟ್ಟಿ ಹಿಡಿತದ ಜೆಲ್ ಬೇಕಾಗುತ್ತದೆ. ಇನ್ನು ಹೀರುವಿಕೆ. ಲೋಟದ ನೀರಿಗೆ ಕೂದಲಿನ ಎಳೆ ಹಾಕಿ, ಅದು ಮುಳುಗುತ್ತದೆಯೋ ತೇಲುತ್ತದೆಯೋ ಎಂದು ನೋಡುವ ಪರೀಕ್ಷೆ ಬಹಳ ಪ್ರಚಾರದಲ್ಲಿದ್ದರೂ ಅದನ್ನು ನಂಬುವಂತಿಲ್ಲ, ಏಕೆಂದರೆ ಎಳೆಯ ಮೇಲಿನ ಎಣ್ಣೆಯ ಲೇಪ ಮತ್ತು ನೀರಿನ ಮೇಲ್ಮೈ ಸೆಳೆತವೇ ಅದನ್ನು ತೇಲಿಸಬಲ್ಲವು. ಬಚ್ಚಲಿನಲ್ಲಿ ಗಮನಿಸುವುದು ಇದಕ್ಕಿಂತ ಒಳ್ಳೆಯ ದಾರಿ. ನೀರು ಸುರಿದರೂ ಕೂದಲು ಬೇಗ ನೆನೆಯದೆ, ನೆಂದ ಮೇಲೆ ಗಂಟೆಗಟ್ಟಲೆ ಒಣಗದಿದ್ದರೆ ಅದರ ಹೊರಪದರದ ಚಿಪ್ಪುಗಳು ಒತ್ತೊತ್ತಾಗಿ ಕೂತಿವೆಯೆಂದು ತಿಳಿಯಬಹುದು. ಇಂಥ ಕೂದಲಿಗೆ ಸಾಮಗ್ರಿ ಕಡಿಮೆ ಸಾಕು. ಬಣ್ಣ ಹಚ್ಚಿದ, ನೇರಗೊಳಿಸುವ ಚಿಕಿತ್ಸೆಗೆ ಒಳಗಾದ ಅಥವಾ ಬಿಸಿಲಿಗೆ ಬೆಂದ ಕೂದಲು ಕೂಡಲೇ ನೆನೆದು ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಹೆಚ್ಚು ಕೆದರುವುದೂ ಅದೇ, ಪೊರೆ ಕಟ್ಟುವ ಸಾಮಗ್ರಿಯ ಪ್ರಯೋಜನ ಹೆಚ್ಚು ಸಿಗುವುದೂ ಅದಕ್ಕೇ.

ಬಾಟಲಿಯ ಹಿಂಭಾಗ

ಅಂಗಡಿಯಲ್ಲಿ ಬಾಟಲಿಯ ಮುಂಭಾಗ ನೋಡುವುದಕ್ಕಿಂತ ಹಿಂಭಾಗ ಓದುವುದು ಲೇಸು. ಭಾರತದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ನಮೂದಿಸಬೇಕು. ಅದಕ್ಕಿಂತ ಕಡಿಮೆ ಇರುವವು ಯಾವ ಕ್ರಮದಲ್ಲಾದರೂ ಬರಬಹುದು. ಪಟ್ಟಿಯ ಮೊದಲ ಐದಾರು ಹೆಸರುಗಳೇ ಆ ಸಾಮಗ್ರಿಯ ಗುಣವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತವೆ ಎಂಬುದು ಇದರ ಅರ್ಥ. ಬಾದಾಮಿ, ದಾಸವಾಳ, ಆರ್ಗಾನ್ ಎಂದು ಮುಂದೆ ಚಿತ್ರ ಬರೆದು, ಆ ಹೆಸರುಗಳನ್ನು ಪಟ್ಟಿಯಲ್ಲಿ ಸುಗಂಧದ ನಂತರ ಇಟ್ಟಿದ್ದರೆ ಅವು ಹೆಸರಿಗಷ್ಟೇ ಇವೆಯೆಂದು ಊಹಿಸಬಹುದು.

ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಜೇನು, ಇವು ನೀರನ್ನು ಸೆಳೆಯುವ ಪದಾರ್ಥಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಆಟಿ ತಿಂಗಳ ಜಡಿಮಳೆಯಲ್ಲಿ, ನೀರಿನ ನಂತರ ಎರಡನೆಯ ಅಥವಾ ಮೂರನೆಯ ಸ್ಥಾನದಲ್ಲಿಯೇ ಗ್ಲಿಸರಿನ್ ಇರುವ ಕ್ರೀಮನ್ನು ತೊಳೆಯದೆ ಉಳಿಸಿಕೊಂಡರೆ ಅದು ಗಾಳಿಯ ತೇವವನ್ನು ಕೂದಲಿಗೆ ಎಳೆದು ತಂದು ಅಂಟಂಟಾಗಿಸುತ್ತದೆ. ತೊಳೆದುಬಿಡುವ ಕಂಡೀಷನರಿನಲ್ಲಿ ಅದಿದ್ದರೆ ತೊಂದರೆಯಿಲ್ಲ.

ಜೆಲ್‌ನಲ್ಲಿ ಹುಡುಕಬೇಕಾದದ್ದು ಪೊರೆ ಕಟ್ಟುವ ಪಾಲಿಮರ್. ಅಗ್ಗದ ಜೆಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಪಿವಿಪಿ. ಅದು ಚೆನ್ನಾಗಿ ಹಿಡಿಯುತ್ತದೆ, ಆದರೆ ತಾನೇ ನೀರು ಹೀರುವ ಸ್ವಭಾವದ್ದಾದ್ದರಿಂದ ಒದ್ದೆ ಹವೆಯಲ್ಲಿ ಮೆತ್ತಗಾಗಿ ಅಂಟುತ್ತದೆ. ವಿಪಿ/ವಿಎ ಕೋಪಾಲಿಮರ್ ಈ ವಿಷಯದಲ್ಲಿ ಅದಕ್ಕಿಂತ ಮೇಲು. ಅಕ್ರಿಲೇಟ್ಸ್ ಕೋಪಾಲಿಮರ್ ಮತ್ತು ಪಾಲಿಕ್ವಾಟರ್ನಿಯಮ್ ಎಂದು ಆರಂಭವಾಗುವ ಹೆಸರುಗಳನ್ನೂ ಹುಡುಕಬಹುದು. ಕಾರ್ಬೊಮರ್ ಹಿಡಿತ ಕೊಡುವುದಕ್ಕಿಂತ ಹೆಚ್ಚಾಗಿ ಜೆಲ್ಲನ್ನು ಮಂದವಾಗಿಸುವುದಕ್ಕೆ ಇರುತ್ತದೆ. ದಪ್ಪ ಜೆಲ್ ಎಂದರೆ ಗಟ್ಟಿ ಹಿಡಿತದ ಜೆಲ್ ಎಂದು ಭಾವಿಸಬೇಕಾಗಿಲ್ಲ.

ಆಲ್ಕೋಹಾಲ್ ಎಂಬ ಪದ ಕಂಡೊಡನೆ ಬಾಟಲಿಯನ್ನು ಕೆಳಗಿಡುವವರಿದ್ದಾರೆ. ಸೀಟೈಲ್, ಸೀಟಿಯರಿಲ್, ಸ್ಟಿಯರಿಲ್ ಆಲ್ಕೋಹಾಲ್‌ಗಳು ಮೇಣದಂಥ ಜಿಡ್ಡಿನ ಪದಾರ್ಥಗಳು, ಕೂದಲನ್ನು ನುಣುಪಾಗಿಸುತ್ತವೆ. ಒಣಗಿಸುವುದು ಎಥನಾಲ್, ಐಸೊಪ್ರೊಪಿಲ್ ಆಲ್ಕೋಹಾಲ್, ಆಲ್ಕೋಹಾಲ್ ಡಿನ್ಯಾಟ್ ಎಂಬ ಹೆಸರಿನವು, ಅದೂ ಪಟ್ಟಿಯ ಮೇಲ್ಭಾಗದಲ್ಲಿದ್ದಾಗ.

ಸಿಲಿಕೋನ್ ಬಗ್ಗೆ ಹಬ್ಬಿರುವ ಭಯವೂ ಅತಿಯಾದದ್ದೆಂದು ಹೇಳಬೇಕಾಗಿದೆ. ಸಿಲಿಕೋನ್‌ಗಳಲ್ಲಿ ಒಂದಾದ ಡೈಮೆಥಿಕೋನ್ ನೀರಿಗೆ ಸೇರದ ಲೇಪವಾಗಿ ಕೂತು ಹೊರಗಿನ ತೇವ ಒಳಸೇರುವುದನ್ನು ತಡೆಯುತ್ತದೆ. ನಮ್ಮ ಮಳೆಗಾಲಕ್ಕೆ ಬೇಕಾದದ್ದು ಅದೇ. ಬರಿಯ ಕಂಡೀಷನರಿನಿಂದ ತಲೆ ತೊಳೆಯುವ ಪದ್ಧತಿ ಅನುಸರಿಸುವವರಲ್ಲಿ ಅದು ಪದರ ಪದರವಾಗಿ ಶೇಖರವಾಗುವುದು ನಿಜ, ಆದರೆ ವಾರಕ್ಕೊಮ್ಮೆ ಸೋಡಿಯಂ ಲಾರೆತ್ ಸಲ್ಫೇಟ್ ಇರುವ ಸಾಧಾರಣ ಶಾಂಪೂ ಬಳಸುವವರಿಗೆ ಆ ಚಿಂತೆ ಬೇಕಾಗಿಲ್ಲ.

ಗಲ್ಫ್‌ನಿಂದ ಬಂದವರು ತಂದುಕೊಡುವ ದೊಡ್ಡ ಡಬ್ಬಿಗಳ ಬಗೆಗೆ ಒಂದು ಮಾತು. ಶಿಯಾ ಬೆಣ್ಣೆ, ಪೆಟ್ರೊಲಿಯಂ ಜೆಲ್ಲಿ, ಹರಳೆಣ್ಣೆಗಳಿಂದ ಮಾಡಿದ ಇಂಥ ಕ್ರೀಮ್‌ಗಳು ಬಹುತೇಕ ನಾಲ್ಕನೆಯ ವರ್ಗದ ಬಿಗಿಸುರುಳಿ ಕೂದಲಿಗಾಗಿ ತಯಾರಾದವು, ಮತ್ತು ಹವಾನಿಯಂತ್ರಿತ ಕೋಣೆಯ ಒಣ ಗಾಳಿಯಲ್ಲಿ ದಿನ ಕಳೆಯುವವರಿಗೆ ಹಿತವಾದವು. ಬಿಗಿಸುರುಳಿಯ ಕೂದಲಿನವರು ಇಲ್ಲಿಯೂ ಅವನ್ನು ಮಿತವಾಗಿ ಬಳಸಬಹುದು. ಅಲೆಗೂದಲಿನವರ ತಲೆಗೆ ಅದನ್ನು ಹಚ್ಚಿದರೆ ಮೂರು ಸಲ ತೊಳೆದರೂ ಜಿಡ್ಡು ಹೋಗದು.

ತೆಂಗಿನೆಣ್ಣೆ, ದಾಸವಾಳ, ಅಗಸೆ

ಮನೆಯ ಎಣ್ಣೆಯನ್ನು ಬಿಟ್ಟುಬಿಡಿ ಎಂದು ಹೇಳುವ ಧೈರ್ಯ ಈ ಊರಿನಲ್ಲಿ ಯಾರಿಗೂ ಇಲ್ಲ, ಬಿಡಬೇಕಾದ ಅಗತ್ಯವೂ ಇಲ್ಲ. ತೆಂಗಿನೆಣ್ಣೆಯಲ್ಲಿರುವ ಲಾರಿಕ್ ಆಮ್ಲದ ಕೊಬ್ಬು ಚಿಕ್ಕ, ನೇರವಾದ ಅಣುಗಳಿಂದಾದದ್ದು. ಅದು ಕೂದಲಿನ ಒಳಗೆ ಇಳಿಯಬಲ್ಲದು. ತೊಳೆಯುವ ಮೊದಲು ಹಚ್ಚಿದ ತೆಂಗಿನೆಣ್ಣೆ ಕೂದಲಿನಿಂದ ಪ್ರೋಟೀನು ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆಂದೂ ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳಿಗೆ ಆ ಗುಣವಿಲ್ಲವೆಂದೂ 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ತೋರಿಸಿತು. ಅದನ್ನು ನಡೆಸಿದವರು ತೆಂಗಿನೆಣ್ಣೆ ಮಾರುವ ಕಂಪೆನಿಯ ಸಂಶೋಧಕರೇ ಎಂಬುದನ್ನೂ ಓದುಗರು ತಿಳಿದಿರಬೇಕು. ಆದರೂ ಆ ಎಣ್ಣೆ ಒಳಗಿಳಿಯುವ ಸಂಗತಿಯನ್ನು ಒಪ್ಪಲಾಗಿದೆ.

ಹಾಗಾದರೆ ಎಣ್ಣೆಯ ಜಾಗ ಯಾವುದು? ಸ್ನಾನಕ್ಕೆ ಒಂದೆರಡು ಗಂಟೆ ಮೊದಲು, ಒಣ ಕೂದಲಿನ ನಡುಭಾಗದಿಂದ ತುದಿಯವರೆಗೆ. ತಲೆಸ್ನಾನದ ನಂತರ ಒದ್ದೆ ಕೂದಲಿಗೆ ಮೊದಲು ಎಣ್ಣೆ ಸವರಿ ಮೇಲೆ ಜೆಲ್ ಹಚ್ಚಿದರೆ ನೀರಿನ ಆಧಾರದ ಜೆಲ್ ಎಣ್ಣೆಯ ಮೇಲೆ ನಿಲ್ಲದೆ ಜಾರುತ್ತದೆ, ಪೊರೆ ಅಲ್ಲಲ್ಲಿ ಹರಿಯುತ್ತದೆ. ಕೂದಲು ಪೂರ್ತಿ ಒಣಗಿದ ಮೇಲೆ ಅಂಗೈಗೆ ಎರಡು ಮೂರು ಹನಿ ಹಾಕಿಕೊಳ್ಳುವುದು ಸರಿಯಾದ ಎರಡನೆಯ ಜಾಗ. ತಲೆಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡುವುದು ತಕ್ಕದ್ದಲ್ಲ. ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ.

ದಾಸವಾಳದ ಸೊಪ್ಪನ್ನು ಕಿವುಚಿ ತೆಗೆಯುವ ಗೊಂಪು ಸಿಕ್ಕು ಬಿಡಿಸುವುದಕ್ಕೆ ಬಹಳ ಒಳ್ಳೆಯದು, ಏಕೆಂದರೆ ಅದರ ಲೋಳೆ ಎಳೆಗಳ ನಡುವಿನ ಘರ್ಷಣೆಯನ್ನು ಇಳಿಸುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿಯೇ ಬಳಸಬೇಕು. ಗುಂಗುರಿನೊಳಗೆ ಸಿಕ್ಕಿದ ಎಲೆಯ ಚೂರುಗಳನ್ನು ಹೆಕ್ಕುವುದು ಅರ್ಧ ದಿನದ ಕೆಲಸ. ಸೀಗೆಪುಡಿಯ ವಿಷಯವೂ ಹಾಗೆಯೇ: ಕಾಯಿಯನ್ನು ಕುದಿಸಿ, ಸೋಸಿದ ನೀರನ್ನು ಮಾತ್ರ ಉಪಯೋಗಿಸುವುದು ಒಳ್ಳೆಯದು.

ಅಗಸೆ ಬೀಜದ ಜೆಲ್ ಮಾಡುವುದು ಸುಲಭ. ನಾಲ್ಕು ದೊಡ್ಡ ಚಮಚ ಬೀಜವನ್ನು ಎರಡು ಲೋಟ ನೀರಿನಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಿ, ನೀರು ಗಂಜಿ ತೆಳಿಗಿಂತ ಕೊಂಚ ದಪ್ಪವಾಗಿ ಚಮಚದಿಂದ ನೂಲಿನಂತೆ ಇಳಿಯತೊಡಗಿದೊಡನೆ ಒಲೆಯಿಂದ ಇಳಿಸಿ, ಬಿಸಿಯಾಗಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ಆರಿದ ಮೇಲೆ ಅದು ಬಟ್ಟೆಯಿಂದ ಇಳಿಯುವುದೇ ಇಲ್ಲ. ಸಂರಕ್ಷಕ ಇಲ್ಲದ್ದರಿಂದ ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು, ವಾಸನೆ ಬದಲಾದರೆ ಚೆಲ್ಲಬೇಕು. ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ತಂಪು ದಿನಗಳಲ್ಲಿ ಇದರಷ್ಟು ಮೃದುವಾದ ಹಿಡಿತ ಬೇರೆ ಸಿಗುವುದು ಕಷ್ಟ. ಮಳೆಗಾಲದಲ್ಲಿ ಮಾತ್ರ ಇದನ್ನೂ ಲೋಳೆಸರವನ್ನೂ ನಂಬಿ ಮನೆಯಿಂದ ಹೊರಡುವಂತಿಲ್ಲ. ಸಸ್ಯದ ಲೋಳೆ ನೀರಿನಲ್ಲಿ ಕರಗುವಂಥದ್ದು, ಗಾಳಿಯ ತೇವಕ್ಕೇ ಅದರ ಪೊರೆ ಸಡಿಲವಾಗುತ್ತದೆ.

ನೀರು

ಮುರಕಲ್ಲಿನ ಗುಡ್ಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗದಿಂದ ಬರುವ ನೀರು ಸಾಮಾನ್ಯವಾಗಿ ಮೆದು, ಅದರಲ್ಲಿ ತಲೆ ತೊಳೆಯುವವರು ಅದೃಷ್ಟವಂತರು. ಕೆಲವು ಕೊಳವೆಬಾವಿಗಳ ನೀರಿನಲ್ಲಿ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಅಂಶ ಹೆಚ್ಚಿರುತ್ತದೆ. ಹೊಳೆಯ ಅಳಿವೆಯ ಬದಿಯ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಸಾಬೂನು ನೊರೆ ಬಿಡದೆ ಬಿಳಿಯ ಕೆನೆಯಾಗುತ್ತಿದ್ದರೆ, ಬಕೆಟ್ಟಿನ ಒಳಮೈಯಲ್ಲಿ ಬಿಳಿ ಅಥವಾ ಕೆಂಗಂದು ಕರೆ ಕಟ್ಟುತ್ತಿದ್ದರೆ, ಎಷ್ಟು ಬೆಲೆಯ ಜೆಲ್ ಹಚ್ಚಿದರೂ ಕೂದಲು ಒರಟಾಗಿಯೇ ಉಳಿಯಬಹುದು. ಅಂಥ ಮನೆಗಳಲ್ಲಿ ತಿಂಗಳಿಗೊಂದೆರಡು ಸಲ, ನೀರಿನ ಖನಿಜಗಳನ್ನು ಹಿಡಿದು ತೆಗೆಯುವ ಡೈಸೋಡಿಯಂ ಇಡಿಟಿಎ ಅಥವಾ ಸಿಟ್ರಿಕ್ ಆಮ್ಲವನ್ನು ಪಟ್ಟಿಯ ಮೇಲ್ಭಾಗದಲ್ಲಿ ಹೊಂದಿರುವ ಶಾಂಪೂ ಬಳಸಿ, ಕೊನೆಯ ಒಂದು ಚೊಂಬಿಗೆ ಮಳೆನೀರನ್ನೋ ಕುಡಿಯುವ ನೀರನ್ನೋ ಉಪಯೋಗಿಸಿದರೆ ವ್ಯತ್ಯಾಸ ಕಾಣುತ್ತದೆ.

ಹಚ್ಚುವ ಕ್ರಮ

ಹೆಚ್ಚಿನವರ ಸೋಲು ಇರುವುದು ಸಾಮಗ್ರಿಯ ಆಯ್ಕೆಯಲ್ಲಿ ಎನ್ನುವುದಕ್ಕಿಂತ ಹಚ್ಚುವ ರೀತಿಯಲ್ಲಿ. ಶಾಂಪೂ ನೆತ್ತಿಗೆ ಮಾತ್ರ. ಕೆಳಗಿಳಿಯುವ ನೊರೆಯೇ ತುದಿಗಳನ್ನು ಶುಚಿಗೊಳಿಸುತ್ತದೆ. ಆಮೇಲೆ ಕಂಡೀಷನರನ್ನು ಕಿವಿಯ ಮಟ್ಟದಿಂದ ಕೆಳಕ್ಕೆ ಧಾರಾಳವಾಗಿ ಹಚ್ಚಿ, ಅದು ಕೂದಲಿನಲ್ಲಿರುವಾಗಲೇ ಬೆರಳುಗಳಿಂದ ಅಥವಾ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಆರಂಭಿಸಿ ಬುಡದ ಕಡೆಗೆ ಸಿಕ್ಕು ಬಿಡಿಸಬೇಕು. ಗುಂಗುರು ಕೂದಲಿಗೆ ಬಾಚಣಿಗೆ ತಾಗಬೇಕಾದದ್ದು ಈ ಒಂದೇ ಹೊತ್ತಿನಲ್ಲಿ. ಒಣಗಿದ ಮೇಲೆ ಬಾಚಿದರೆ ಗೊಂಚಲುಗಳೆಲ್ಲ ಬಿಡಿಬಿಡಿಯಾಗಿ, ಮಾಡಿದ ಕೆಲಸ ಹಾಳಾಗುತ್ತದೆ. ಶಾಲೆಗೆ ಹೋಗುವ ಹುಡುಗಿಯರಿಗೆ ಎರಡು ಜಡೆ ಹಾಕಲೇಬೇಕಾದ ದಿನಗಳಲ್ಲಿ ಬೈತಲೆಯನ್ನಷ್ಟೇ ಬಾಚಣಿಗೆಯ ತುದಿಯಿಂದ ತೆಗೆದು, ಉಳಿದದ್ದನ್ನು ಬೆರಳುಗಳಿಂದ ಪಾಲು ಮಾಡಿ ಹೆಣೆಯಬಹುದು. ಹಣೆಯಂಚಿನ ಕೂದಲನ್ನು ಬಿಗಿಯಾಗಿ ಎಳೆದು ಕಟ್ಟುವುದು ವರ್ಷಾನುಗಟ್ಟಲೆ ನಡೆದರೆ ಅಲ್ಲಿಯ ಕೂದಲು ಉದುರಿ ಬೋಳಾಗುವುದುಂಟು.

ಕಂಡೀಷನರನ್ನು ತೊಳೆದ ಮೇಲೆ ತಲೆಯನ್ನು ಒರೆಸಬಾರದು. ನೀರು ತೊಟ್ಟಿಕ್ಕುತ್ತಿರುವಾಗಲೇ ಕೂದಲನ್ನು ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿಗೆ ಬೇಕಿದ್ದರೆ ಸಣ್ಣ ಅಡಿಕೆಯ ಗಾತ್ರದಷ್ಟು ಕ್ರೀಮ್ ಅಥವಾ ತೊಳೆಯದೆ ಉಳಿಸಿಕೊಳ್ಳುವ ಲೀವ್-ಇನ್ ಕಂಡೀಷನರ್, ಅದರ ಮೇಲೆ ಅಷ್ಟೇ ಅಥವಾ ಅದರ ದುಪ್ಪಟ್ಟು ಜೆಲ್ ಹಚ್ಚಬೇಕು. ಕೈಮುಗಿದಂತೆ ಎರಡು ಅಂಗೈಗಳ ನಡುವೆ ಪಾಲನ್ನು ಇಟ್ಟು ಮೇಲಿನಿಂದ ಕೆಳಗೆ ಸವರಿದರೆ ಜೆಲ್ ಹೊರಮೈಗೂ ಒಳಮೈಗೂ ತಲಪುತ್ತದೆ. ಆಮೇಲೆ ತುದಿಯನ್ನು ಅಂಗೈಯಲ್ಲಿ ತುಂಬಿಕೊಂಡು ನೆತ್ತಿಯ ಕಡೆಗೆ ಹಿಂಡಬೇಕು. ಆಗ ಪಚಪಚ ಸದ್ದು ಕೇಳಿಸಿದರೆ ನೀರು ಮತ್ತು ಜೆಲ್ ಸಾಕಷ್ಟಿವೆ. ಕೇಳಿಸದಿದ್ದರೆ ಜೆಲ್ಲಿಗಿಂತ ಮೊದಲು ನೀರನ್ನು ಸೇರಿಸಿ ನೋಡುವುದು ಮೇಲು. ಸಪೂರ ಕೂದಲಿನವರು ಮಾತ್ರ ಸಾಮಗ್ರಿ ಹಚ್ಚುವ ಮೊದಲು ನೀರನ್ನು ಕೈಯಿಂದ ಒಮ್ಮೆ ಹಿಂಡಿ ತೆಗೆಯುವುದು ಒಳ್ಳೆಯದು. ಬಿಗಿಸುರುಳಿಯವರು ಎಂಟು ಹತ್ತು ಪಾಲುಗಳನ್ನಾದರೂ ಮಾಡಿ, ಒಂದು ಪಾಲಿನ ಕೆಲಸ ಮುಗಿಯುವವರೆಗೆ ಉಳಿದವನ್ನು ಕ್ಲಿಪ್ ಹಾಕಿಡಬೇಕು. ಪ್ರತಿ ಪಾಲನ್ನು ಎರಡೆಳೆಯಾಗಿ ಹುರಿಮಾಡಿ ಒಣಗಲು ಬಿಟ್ಟರೆ ಅವರ ಸುರುಳಿ ಕುಗ್ಗುವುದು ಕಡಿಮೆಯಾಗುತ್ತದೆ.

ಎರಡು ಸಾಮಗ್ರಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ತಿಳಿಯಲು ಕೂದಲಿಗೆ ಹಚ್ಚುವ ಮೊದಲು ಅಂಗೈಯಲ್ಲಿ ಎರಡನ್ನೂ ಸ್ವಲ್ಪ ಬೆರೆಸಿ ನೋಡಬಹುದು. ಬಿಳಿಯ ಹರಳುಹರಳಾದರೆ ಕೂದಲಿನಲ್ಲಿಯೂ ಹೊಟ್ಟಿನಂತೆ ಉದುರುತ್ತದೆ.

ನೀರನ್ನು ತೆಗೆಯಲು ಬೈರಾಸಿನಷ್ಟು ಒಳ್ಳೆಯ ಬಟ್ಟೆ ಬೇರಿಲ್ಲ. ಟರ್ಕಿ ಟವೆಲ್ಲಿನ ಕುಣಿಕೆಗಳು ಎಳೆಗಳನ್ನು ಹಿಡಿದೆಳೆಯುತ್ತವೆ; ತೆಳು ಹತ್ತಿಯ ಬೈರಾಸು ನೀರನ್ನು ಮಾತ್ರ ಹೀರುತ್ತದೆ. ಒದರುವುದು, ತಿಕ್ಕುವುದು ಬೇಡ. ಬೈರಾಸನ್ನು ಹಾಸಿ, ಬಗ್ಗಿ ಕೂದಲನ್ನು ಅದರ ಮೇಲೆ ಇಳಿಬಿಟ್ಟು, ಎರಡು ಬದಿಗಳನ್ನು ತಂದು ಹಿಂದೆ ಕಟ್ಟಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಸಾಕು.

ಮುಂದಿನದು ತಾಳ್ಮೆಯ ಭಾಗ. ಕೂದಲು ಪೂರ್ತಿ ಒಣಗುವವರೆಗೆ ಅದನ್ನು ಮುಟ್ಟಬಾರದು. ಚಳಿಗಾಲದಲ್ಲಿ ಜಗಲಿಯ ಗಾಳಿಗೆ ಕುಳಿತರೂ ಒಣಗುತ್ತದೆ. ಮಳೆಗಾಲದಲ್ಲಿ ಹಾಗೆ ಬಿಟ್ಟರೆ ಸಂಜೆಯವರೆಗೂ ಕೂದಲು ಅರೆಒದ್ದೆಯಾಗಿಯೇ ಉಳಿದು, ಜೆಲ್‌ನ ಪೊರೆ ಗಟ್ಟಿಯಾಗುವ ಮೊದಲೇ ಸುರುಳಿ ಕೆದರುತ್ತದೆ. ಆದ್ದರಿಂದ ಆ ನಾಲ್ಕು ತಿಂಗಳು ಡ್ರೈಯರಿನ ಮೂತಿಗೆ ಸಿಕ್ಕಿಸುವ ಡಿಫ್ಯೂಸರ್ ಎಂಬ ಅಗಲ ಬಟ್ಟಲು ಒಂದು ಜೆಲ್‌ಗಿಂತಲೂ ಹೆಚ್ಚು ಉಪಕಾರಿ. ಕಡಿಮೆ ಬಿಸಿ, ಕಡಿಮೆ ಗಾಳಿಯಲ್ಲಿ ಇಟ್ಟು, ಸುರುಳಿಗಳನ್ನು ಅದರಲ್ಲಿ ಕೂರಿಸಿ ನೆತ್ತಿಯ ಕಡೆಗೆ ಎತ್ತಿ ಹಿಡಿಯಬೇಕು. ಡಿಫ್ಯೂಸರ್ ಇಲ್ಲದವರಿಗೆ ಫ್ಯಾನಿನ ಗಾಳಿಯೇ ಗತಿ.

ಒಣಗಿದಾಗ ಕೂದಲು ಕಡ್ಡಿಯಂತೆ ಗಟ್ಟಿಯಾಗಿರುವುದನ್ನು ಕಂಡು ಜೆಲ್ ಕೆಟ್ಟದ್ದೆಂದು ಎಸೆಯುವವರಿದ್ದಾರೆ. ಆ ಗಟ್ಟಿತನ ಬೇಕಾದದ್ದೇ. ಕೊನೆಗೆ ಒಣಗುವ ಕುತ್ತಿಗೆಯ ಹಿಂಬದಿಯನ್ನು ಮುಟ್ಟಿನೋಡಿ, ಅಲ್ಲಿಯೂ ತಣ್ಣಗಿಲ್ಲವೆಂದು ಖಚಿತವಾದ ಮೇಲೆ, ಅಂಗೈಗೆ ಸವರಿದ ಎರಡು ಮೂರು ಹನಿ ತೆಂಗಿನೆಣ್ಣೆಯೊಂದಿಗೆ ಕೂದಲನ್ನು ಮೆಲ್ಲಗೆ ಹಿಂಡಿದರೆ ಪೊರೆ ಮುರಿದು ಸುರುಳಿ ಮೆತ್ತಗಾಗುತ್ತದೆ. ಭಾರೀ ಮಳೆಯ ದಿನ ಮನೆಯಿಂದ ಹೊರಡುವವರು ಈ ಹಿಂಡುವ ಕೆಲಸವನ್ನು ಕಚೇರಿ ಅಥವಾ ಕಾಲೇಜು ತಲಪಿದ ಮೇಲೆ ಮಾಡುವುದು ಜಾಣತನ. ತಟ್ಟ ಅಥವಾ ಶಾಲು ಹೊದೆಯುವವರು, ಹೆಲ್ಮೆಟ್ ಧರಿಸುವವರು ಕೂದಲು ಒಣಗುವ ಮೊದಲು ತಲೆ ಮುಚ್ಚಿದರೆ ಸುರುಳಿ ಚಪ್ಪಟೆಯಾಗುವುದಷ್ಟೇ ಅಲ್ಲದೆ ನೆತ್ತಿಯಲ್ಲಿ ತುರಿಕೆ, ವಾಸನೆ ಆರಂಭವಾಗಬಹುದು. ಅವರಿಗೆ ಹಿಂದಿನ ಸಂಜೆಯ ತಲೆಸ್ನಾನವೇ ಅನುಕೂಲ. ಮದುವೆಗೋ ಜಾತ್ರೆಗೋ ಮಲ್ಲಿಗೆ ಮುಡಿಯುವುದಿದ್ದರೆ ಪೊರೆ ಮುರಿಯುವ ಮೊದಲೇ ಪಿನ್ ಹಾಕಿಕೊಳ್ಳಬೇಕು, ಹೂವಿನ ತೇವ ಆಗ ಸುರುಳಿಗೆ ಅಷ್ಟಾಗಿ ತಟ್ಟುವುದಿಲ್ಲ.

ಮರುದಿನ ಇಡೀ ತಲೆಗೆ ನೀರು ಚಿಮುಕಿಸುವ ಅಗತ್ಯವಿಲ್ಲ. ಕೆದರಿದ ನಾಲ್ಕಾರು ಸುರುಳಿಗಳನ್ನಷ್ಟೇ ಒದ್ದೆ ಬೆರಳಿನಿಂದ ನೆನೆಸಿ, ಕಡಲೆಯಷ್ಟು ಜೆಲ್ ಹಚ್ಚಿ, ಬೆರಳಿಗೆ ಸುತ್ತಿ ಒಣಗಲು ಬಿಡಬಹುದು. ಹೊಸ ಸಾಮಗ್ರಿ ಕೊಂಡಾಗ ಮೊಣಕೈಯ ಒಳಮಡಿಕೆಗೆ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾದು ನೋಡಬೇಕು. ಒಂದೇ ವಾರದಲ್ಲಿ ಶಾಂಪೂ, ಕ್ರೀಮ್, ಜೆಲ್ ಮೂರನ್ನೂ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ತುರಿಕೆ ಬಂತು ಎಂದು ತಿಳಿಯಲು ದಾರಿಯಿರುವುದಿಲ್ಲ. ಹಣೆಯಂಚಿನಲ್ಲಿ ಅಥವಾ ಕತ್ತಿನ ಹಿಂಬದಿಯಲ್ಲಿ ಮೊಡವೆ ಎದ್ದರೆ ಮೊದಲು ಕ್ರೀಮನ್ನು ನಿಲ್ಲಿಸಿ, ಜೆಲ್ ಒಂದರಲ್ಲಿಯೇ ಎರಡು ವಾರ ನೋಡಬೇಕು. ನೆತ್ತಿಯಲ್ಲಿ ಹುಣ್ಣು, ವೃತ್ತಾಕಾರವಾಗಿ ಉದುರುವ ಕೂದಲು ಅಥವಾ ವಾರಗಟ್ಟಲೆ ನಿಲ್ಲದ ತುರಿಕೆ ಕಂಡರೆ ಅದು ಚರ್ಮವೈದ್ಯರು ನೋಡಬೇಕಾದ ವಿಷಯ, ಅವರ ಬಳಿ ಹೋಗುವಾಗ ಬಳಸುತ್ತಿರುವ ಬಾಟಲಿಗಳನ್ನೂ ಜೊತೆಗೆ ಒಯ್ಯಬೇಕು.